ಹಿಮದೂರಿನ ಆ ನಾಲ್ಕು ಗಂಟೆ

ಮಗಳ ಬಾಣಂತನಕ್ಕೆಂದು ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಹೋಗಿರುವ ಓದುಗರೊಬ್ಬರು ಬರೆದಿದ್ದಾರೆ: “ಮಾರ್ಚ್ ಮೊದಲ ಮಂಗಳವಾರ ಪಕ್ಕದ ಮನೆಯಾಕೆ ನನ್ನನ್ನು ಊರಿನ ಸಭೆಗೆ ಕರೆದುಕೊಂಡು ಹೋದರು. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಶಾಲೆಯ ಜಿಮ್‌ನಲ್ಲಿ ನೂರು ಜನ. ಹಿಮ ತಳ್ಳುವ ಲಾರಿ ಕೊಳ್ಳಬೇಕೋ ಬೇಡವೋ ಅಂತ ಒಂದೂವರೆ ಗಂಟೆ ಮಾತು. ಒಬ್ಬ ಅಜ್ಜ ಯಾವುದೋ ಸೇತುವೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನಾಲ್ಕು ಗಂಟೆ ದಂಡ ಅನ್ನಿಸಿತು. ಇಷ್ಟು ಮುಂದುವರಿದ ದೇಶದಲ್ಲಿ ಸುಮ್ನೆ ಚೀಟಿಯಲ್ಲಿ ವೋಟು ಹಾಕಿ ಮುಗಿಸಬಾರದೇ? ನನ್ನ ಮಗಳು, ಅಳಿಯ ಅಲ್ಲಿಯ ಪ್ರಜೆಗಳೇ. ಆದರೆ ಅಳಿಯನಿಗೆ ಆಸ್ಪತ್ರೆಯಲ್ಲಿ ಶಿಫ್ಟ್, ಮಗಳಿಗೆ ಎಳೆಮಗು. ಅಂಥವರು ಹೇಗೆ ಹೋಗಬೇಕು?”

ಅಮ್ಮಾ, ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸ್ವಲ್ಪ ಬೇಜಾರೂ ಆಯಿತು. ಬಾಣಂತನಕ್ಕೆ ಹೋದ ನಮ್ಮವರು ನಯಾಗರ ನೋಡಿ ಫೋಟೊ ಕಳಿಸುತ್ತಾರೆ. ನೀವು ಒಂದು ಹಳ್ಳಿ ತನ್ನ ಲೆಕ್ಕ ತಾನೇ ಬರೆದುಕೊಳ್ಳುವುದನ್ನು ನೋಡಿದಿರಿ, ಅದನ್ನು ಇಷ್ಟು ಚೆನ್ನಾಗಿ ಬರೆದಿರಿ. ಬೇಜಾರು ‘ದಂಡ’ ಅನ್ನುವ ಆ ಒಂದು ಮಾತಿಗೆ.

ಮೊದಲು ನಿಮ್ಮ ಮಗಳು, ಅಳಿಯನ ಮಾತು. ಅದನ್ನು ಒಪ್ಪುತ್ತೇನೆ. ಕೆಲಸಕ್ಕೆ ಹೋಗುವವರು, ಎಳೆಮಗು ಇರುವವರು, ಹಾಸಿಗೆ ಹಿಡಿದವರು ಹಗಲು ಹೊತ್ತಿನ ಸಭೆಗೆ ಬರುವುದು ಕಷ್ಟವೇ. ಅಂದು ವರ್ಮಾಂಟ್‌ನಲ್ಲಿ ಸರ್ಕಾರಿ ರಜೆ. ಒಂದು ವಾರ ಮುಂಚೆ ಹೇಳಿದರೆ ಸಭೆಗೆ ಹೋಗಲು ಸಂಬಳವಿಲ್ಲದ ರಜೆ ಕೇಳುವ ಹಕ್ಕನ್ನೂ ಅಲ್ಲಿಯ ಕಾನೂನು ಕೊಟ್ಟಿದೆ. ಆದರೆ ಆಸ್ಪತ್ರೆಯ ಶಿಫ್ಟು ಬಿಟ್ಟು ಬರಲಾದೀತೇ? ಆಗದು. ಕೆಲವು ಊರುಗಳು ಸಭೆ ನಡೆಯುವಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡುತ್ತವೆ. ಎಲ್ಲ ಊರುಗಳೂ ಮಾಡಲಿ. ಅಲ್ಲಿಗೆ ನಿಮ್ಮ ಪಕ್ಷದ ಮಾತು ಮುಗಿಯಿತು, ಇನ್ನು ನನ್ನದು ಕೇಳಿ.

ಈ ಸಭೆ ಮಾರ್ಚ್‌ನಲ್ಲೇ ಯಾಕೆ ಗೊತ್ತೇ? ರೈತರ ಊರುಗಳಿಗೆ ಅದೇ ಬಿಡುವಿನ ಹೊತ್ತು. ಚಳಿಗಾಲದ ಕಟ್ಟಿಗೆ ಕೆಲಸ ಮುಗಿಯುತ್ತಾ ಬಂದಿರುತ್ತದೆ, ಉಳುಮೆ ಇನ್ನೂ ದೂರ. ರಸ್ತೆಯೂ ಗಟ್ಟಿಯಾಗಿರುತ್ತದೆ. ಇನ್ನು ಕೆಲವು ವಾರ ಕಳೆದರೆ ನೋಡಿ. ಅಲ್ಲಿಯ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಡಾಂಬರಿಲ್ಲ. ಹೆಪ್ಪುಗಟ್ಟಿದ ನೆಲ ಮೇಲಿನಿಂದ ಕರಗುತ್ತದೆ, ಕೆಳಗೆ ಇನ್ನೂ ಕಲ್ಲಿನಂತಿರುತ್ತದೆ. ನೀರಿಗೆ ಇಳಿಯಲು ದಾರಿಯಿಲ್ಲ. ಹಾಗಾಗಿ ರಸ್ತೆಯೇ ಕೆಸರುಗದ್ದೆ. ‘ಮಡ್ ಸೀಸನ್’ ಅಂತ ಅದಕ್ಕೊಂದು ಹೆಸರೇ ಇದೆ. ಆ ರಾಜ್ಯ ಹುಟ್ಟುವ ಮೊದಲೇ, 1762ರಲ್ಲಿ, ಬೆನಿಂಗ್ಟನ್‌ನಲ್ಲಿ ಇಂಥ ಮೊದಲ ಸಭೆ ಸೇರಿತ್ತು.

ನಿಮಗೆ ಬೇಸರ ತರಿಸಿದ ಆ ಲಾರಿಗೇ ಬರೋಣ. ನೀವು ಹೇಳುವ ಪದ್ಧತಿ ಅಲ್ಲಿ ಈಗಾಗಲೇ ಇದೆ. ಅದನ್ನು ಆಸ್ಟ್ರೇಲಿಯನ್ ಬ್ಯಾಲೆಟ್ ಅನ್ನುತ್ತಾರೆ. ದಿನವಿಡೀ ಮತಗಟ್ಟೆ ತೆರೆದಿರುತ್ತದೆ, ಗುಟ್ಟಾಗಿ ಚೀಟಿ ಹಾಕಿ ಹೋಗಬಹುದು. ಅದಕ್ಕೂ ಮೊದಲು ವಿವರ ತಿಳಿಸುವ ಒಂದು ಸಭೆ ಇರುತ್ತದೆ, ಆದರೆ ಅಲ್ಲಿ ಯಾವ ಅಂಕಿಯನ್ನೂ ಬದಲಿಸುವಂತಿಲ್ಲ. ಚೀಟಿಯಲ್ಲಿ ಹೌದು, ಇಲ್ಲ ಎರಡೇ. ನೀವು ಕೂತಿದ್ದ ಸಭೆಯಲ್ಲಿ ಹಾಗಲ್ಲ. ಯಾರು ಬೇಕಾದರೂ ಎದ್ದು “ಈ ಮೊತ್ತ ಇಷ್ಟು ಕಡಿಮೆ ಮಾಡಿ” ಅನ್ನಬಹುದು, “ಇನ್ನಷ್ಟು ಸೇರಿಸಿ” ಅನ್ನಬಹುದು. ಇನ್ನೊಬ್ಬರು ಅನುಮೋದಿಸಿದರೆ ಚರ್ಚೆ, ಆಮೇಲೆ ಮತ. “ಹೌದು ಅನ್ನುವವರು ಹೇಳಿ” ಅಂದಾಗ ಇಡೀ ಜಿಮ್ ಕೂಗುತ್ತದೆ. ಗುಟ್ಟಿನ ಮತ ಬೇಕಾದರೆ ಏಳು ಮತದಾರರು ಕೇಳಿದರೆ ಸಾಕು, ಅಲ್ಲೇ ಚೀಟಿ ಹಂಚುತ್ತಾರೆ. ನಿಮ್ಮ ಆ ಒಂದೂವರೆ ಗಂಟೆ ಹೋದದ್ದು ಇದಕ್ಕೆ. ಯಾರೋ ಬರೆದು ತಂದ ಬಜೆಟ್ ಊರಿನವರ ಬಜೆಟ್ ಆಗಲು ಅಷ್ಟು ಹೊತ್ತು ಬೇಕೇಬೇಕು.

ಹನ್ನೆರಡು ವರ್ಷದ ಹಿಂದೆ ನಾನೂ ಅಂಥ ಒಂದು ಸಭೆಯಲ್ಲಿ, ನಿಮ್ಮ ಹಾಗೆ ಮತವಿಲ್ಲದವರ ಕುರ್ಚಿಯಲ್ಲಿ ಕೂತಿದ್ದೆ. ರಸ್ತೆ ಖರ್ಚಿನ ಮಾತು ನಡೆದಿತ್ತು. ಗುಡ್ಡದ ಮೇಲೆ ಒಬ್ಬರೇ ಇರುವ ವಯಸ್ಸಾದ ಹೆಂಗಸು ಎದ್ದರು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಬೆಳಗಿನ ಜಾವವೇ ಹೊರಡಬೇಕು, ಹಿಮ ತೆಗೆಯುವ ಲಾರಿ ತಮ್ಮ ದಾರಿಗೆ ಬರುವುದು ಎಂಟಕ್ಕೆ ಅಂದರು. ರಸ್ತೆ ನೋಡಿಕೊಳ್ಳುವಾತ ಟೋಪಿ ತೆಗೆದು ನಿಂತ. “ಇದು ನನಗೆ ಗೊತ್ತೇ ಇರಲಿಲ್ಲ. ನಾಳೆಯಿಂದ ಮೊದಲು ನಿಮ್ಮ ಗುಡ್ಡ” ಅಂದ. ಅದಕ್ಕೆ ಮತ ಹಾಕಲಿಲ್ಲ, ಗೊತ್ತುವಳಿಯೂ ಇರಲಿಲ್ಲ. ಯಾವ ಚೀಟಿಯಲ್ಲಿ ಇದನ್ನು ಬರೆಯುತ್ತೀರಿ ಅಮ್ಮಾ? ಆ ಚಳಿಗಾಲವಿಡೀ ಇಬ್ಬರೂ ಒಂದೇ ಊರಿನಲ್ಲಿದ್ದವರು.

ಆ ಸೀಮೆಯ ಚಳಿಗಾಲ ಹಾಗೆಯೇ. ನವೆಂಬರ್‌ನಿಂದ ಜನ ಒಳಗೇ. ಹೊಗೆ ಕೊಳವೆಯಿಂದ ಹೊಗೆ ಬಂದರೆ ಪಕ್ಕದವರು ಇದ್ದಾರೆ ಅಂತ ಲೆಕ್ಕ. ಅದಕ್ಕೇ ಸಭೆಯ ಮಧ್ಯಾಹ್ನದ ಊಟ ಅಷ್ಟು ದೊಡ್ಡದು. ಒಬ್ಬೊಬ್ಬರು ಒಂದೊಂದು ಪಾತ್ರೆ ತರುತ್ತಾರೆ, ಇಲ್ಲವೇ ಶಾಲೆಯವರೋ ಚರ್ಚ್‌ನವರೋ ಅಡುಗೆ ಮಾಡಿ ಆ ದುಡ್ಡನ್ನು ಮಕ್ಕಳಿಗೋ ಬಡವರಿಗೋ ಬಳಸುತ್ತಾರೆ. ಬೆಳಿಗ್ಗೆ ಎದುರುಬದುರು ವಾದ ಮಾಡಿದವರು ಒಂದೇ ಸಾಲಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ನೀವು ಊಟದ ಬಗ್ಗೆ ಒಂದು ಸಾಲೂ ಬರೆದಿಲ್ಲ, ಅದೊಂದು ಕೊರತೆ.

ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ಬ್ರಯಾನ್ 1970ರಿಂದ 1998ರವರೆಗೆ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿ 1,400ಕ್ಕೂ ಹೆಚ್ಚು ಸಭೆಗಳ ಲೆಕ್ಕ ತೆಗೆದರು. ಯಾರು ಬಂದರು, ಯಾರು ಮಾತಾಡಿದರು, ಎಲ್ಲವನ್ನೂ ಎಣಿಸಿದರು. ಸರಾಸರಿ ಐದು ಮತದಾರರಲ್ಲಿ ಒಬ್ಬರು ಬಂದಿದ್ದರು. ಕಡಿಮೆ ಅಲ್ವಾ ಅಂತ ನೀವು ಕೇಳಬಹುದು. ಆದರೆ ಊರು ಚಿಕ್ಕದಾದಷ್ಟೂ ಬರುವವರ ಪಾಲು ಜಾಸ್ತಿ. ತನ್ನ ಮಾತಿನಿಂದ ಏನಾದರೂ ಬದಲಾಗುತ್ತದೆ ಅನ್ನಿಸುವ ಕಡೆಗೆ ಮನುಷ್ಯ ಹಿಮ ತುಳಿದುಕೊಂಡೂ ಹೋಗುತ್ತಾನೆ ಅಂತ ನಾನು ಅದನ್ನು ಓದಿಕೊಂಡಿದ್ದೇನೆ.

ಲಾರಿ, ಮೋರಿಗಳಷ್ಟೇ ಅಲ್ಲ. 1982ರ ಮಾರ್ಚ್‌ನಲ್ಲಿ ಅಂಥದೇ ಸಭೆಗಳಲ್ಲಿ 150ಕ್ಕೂ ಹೆಚ್ಚು ಊರುಗಳು ಅಣ್ವಸ್ತ್ರ ಪೈಪೋಟಿ ನಿಲ್ಲಿಸಿ ಅಂತ ಗೊತ್ತುವಳಿ ಮಾಡಿದವು. ಇಡೀ ದೇಶ ತಿರುಗಿ ನೋಡಿತು.

ಇನ್ನು ಆ ಸೇತುವೆಯ ಅಜ್ಜ. ನಾರ್ಮನ್ ರಾಕ್‌ವೆಲ್ ಅನ್ನುವ ಚಿತ್ರಕಾರ ವರ್ಮಾಂಟ್‌ನ ಆರ್ಲಿಂಗ್ಟನ್ ಊರಲ್ಲಿದ್ದರು. ಅಲ್ಲಿಯ ಶಾಲೆ ಸುಟ್ಟುಹೋಗಿತ್ತು. ಹೊಸದು ಕಟ್ಟಲು ಎಲ್ಲರೂ ಒಪ್ಪಿದ್ದರು. ಒಬ್ಬ ರೈತ ಮಾತ್ರ ಎದ್ದು ಬೇಡ ಅಂದ. ಯಾರೂ ಅವನ ಪರ ಇರಲಿಲ್ಲ, ಆದರೂ ಎಲ್ಲರೂ ಸುಮ್ಮನೆ ಕೂತು ಕೇಳಿದರು. 1943ರಲ್ಲಿ ಪ್ರಕಟವಾದ ರಾಕ್‌ವೆಲ್‌ರ ‘ವಾಕ್ ಸ್ವಾತಂತ್ರ್ಯ’ ಚಿತ್ರ ಹುಟ್ಟಿದ್ದು ಆ ನೆನಪಿನಿಂದ. ಮಾಸಿದ ಅಂಗಿಯವನು ನಿಂತಿದ್ದಾನೆ, ಟೈ ಕಟ್ಟಿದವರು ಕತ್ತೆತ್ತಿ ಅವನನ್ನೇ ನೋಡುತ್ತಿದ್ದಾರೆ. ಆ ಕತ್ತೆತ್ತುವುದಿದೆಯಲ್ಲ, ನನಗೆ ಇಡೀ ಚಿತ್ರ ಅಲ್ಲೇ ಇದೆ.

ಕೋವಿಡ್ ಬಂದಾಗ, 2021ರಲ್ಲಿ, ಅಲ್ಲಿಯ ಸರ್ಕಾರ ಊರುಗಳಿಗೆ ಬ್ಯಾಲೆಟ್‌ಗೆ ಬದಲಾಗಲು ಅವಕಾಶ ಕೊಟ್ಟಿತು. ಅದು ಸರಿಯೇ. ಆದರೆ ಕೆಲವು ಊರುಗಳು ಮತ್ತೆ ಜಿಮ್‌ಗೆ ಮರಳಲೇ ಇಲ್ಲ. ಒಮ್ಮೆ ಬಿಟ್ಟ ಕೂಟವನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತಿಲ್ಲವೇ? 1993ರಿಂದ ನಮ್ಮ ಸಂವಿಧಾನದಲ್ಲೇ ಗ್ರಾಮಸಭೆಗೆ ಜಾಗ ಇದೆ. ನಾನು ಕಣ್ಣಾರೆ ಕಂಡ ಒಂದು ಊರಿನಲ್ಲಿ ಸಹಿ ಪುಸ್ತಕ ಮನೆಮನೆಗೆ ಹೋಗಿ ಬಂತು, ಜನ ಮಾತ್ರ ಸಭೆಗೆ ಬರಲಿಲ್ಲ. ನಾನಿರುವ ವಸತಿ ಸಂಘದಲ್ಲೂ ವಾರ್ಷಿಕ ಸಭೆ ನಿಂತಿದೆ. ಫೋನಿನಲ್ಲಿ ಹೆಬ್ಬೆರಳು ಒತ್ತಿದರೆ ಒಪ್ಪಿಗೆ. ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕೆಂದು ಹಾಗೇ ಗೊತ್ತುಮಾಡಿದರು. ಆ ಜಾಗದ ಕೆಳಗೆ ಹಳೆಯ ಚರಂಡಿ ಪೈಪು ಹಾದುಹೋಗಿರುವುದು ನೆಲಮಹಡಿಯ ಅಜ್ಜಿಯೊಬ್ಬರಿಗೇ ಗೊತ್ತಿತ್ತು. ಅವರ ಹತ್ತಿರ ಅಂಥ ಫೋನಿಲ್ಲ. ಅಗೆದ ಮೇಲೆ ಎಲ್ಲರಿಗೂ ಗೊತ್ತಾಯಿತು. ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಏಪ್ರಿಲ್ ಕೊನೆಯವರೆಗೆ ಇರುತ್ತೇನೆ ಅಂದಿದ್ದೀರಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ದಿನಗಳಲ್ಲಿ ಮೇಪಲ್ ಮರಗಳಿಂದ ರಸ ಇಳಿಯುತ್ತದೆ. ನಲವತ್ತು ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ. ಆ ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು, ಜೊತೆಗೆ ಡೋನಟ್ಟು, ಹುಳಿ ಸೌತೆಕಾಯಿ ಉಪ್ಪಿನಕಾಯಿ ಇಟ್ಟು ಕೊಡುವ ಕೂಟಗಳು ಊರೂರಲ್ಲಿ ನಡೆಯುತ್ತವೆ. ಮೊಮ್ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಒಂದಕ್ಕಾದರೂ ಹೋಗಿ. ಆ ಅಜ್ಜನೂ ಅಲ್ಲಿಗೆ ಬಂದಿರಬಹುದು. ಪಕ್ಕದ ಮನೆಯಾಕೆಯನ್ನು ಕರೆದುಕೊಂಡು ಹೋಗಿ ಅವರನ್ನು ಮಾತಾಡಿಸಿ. ಸೇತುವೆಗೆ ಏನಾಗಿದೆ, ಇಪ್ಪತ್ತು ನಿಮಿಷ ಅವರು ಹೇಳಿದ್ದೇನು, ಪೂರ್ತಿ ಕೇಳಿಕೊಂಡು ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿರುತ್ತೇನೆ.

— ಸಂಪಾದಕ