555 ಮೆಟ್ರೊನೋಮ್: ಒಂದು ಬಡಿತಕ್ಕೆ ಎರಡು ಟಿಕ್ ಯಾಕೆ?

555 ಟೈಮರ್ ಐಸಿ (ಚಿಪ್) ಹಾಕಿ ಮಾಡಿದ ನಿಮ್ಮ ಮೆಟ್ರೊನೋಮ್, ಅಂದರೆ ಸಂಗೀತಕ್ಕೆ ಲಯದ ಟಿಕ್ ಕೊಡುವ ಸಾಧನ, 60ಕ್ಕೆ ಇಟ್ಟರೆ ನಿಮಿಷಕ್ಕೆ 60ರ ಬದಲು 120 ಟಿಕ್ ಬರುತ್ತಿದೆ ಅಂದಿರಲ್ಲ, ಐಸಿ ಕೆಟ್ಟಿಲ್ಲ ಸಾರ್. ಸ್ಪೀಕರ್‌ಗೆ ಕೆಪಾಸಿಟರ್ ಮೂಲಕ ಕೊಟ್ಟಿದ್ದೀರಿ ಅಲ್ವಾ? ಐಸಿಯ ಔಟ್‌ಪುಟ್ ವೋಲ್ಟೇಜ್ ಏರುವಾಗ ಒಂದು ಟಿಕ್, ಇಳಿಯುವಾಗ ಇನ್ನೊಂದು. ವೇಗ ಬದಲಿಸುವ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಐಸಿಯ 6 ಮತ್ತು 7ನೇ ಪಿನ್ ನಡುವೆ ಇರುವುದರಿಂದ ಟಿಕ್‌ಗಳ ನಡುವಿನ ಅಂತರ ಸರಿಸುಮಾರು ಸಮ, ಅದಕ್ಕೇ ಎರಡೂ ಬೇರೆ ಬೇರೆ ಕೇಳುತ್ತವೆ.

ಪಾಟ್‌ನ ಜಾಗ ಅದಲುಬದಲು ಮಾಡಿ. 7 ಮತ್ತು 8ನೇ ಪಿನ್ ನಡುವೆ 39ಕೆ (ಕಿಲೋಓಮ್) ರೆಸಿಸ್ಟರ್, ಅದಕ್ಕೆ ಸೀರೀಸ್‌ನಲ್ಲಿ 220ಕೆ ಪಾಟ್. 6 ಮತ್ತು 7ರ ನಡುವೆ ಬರೀ 1ಕೆ. ಟೈಮಿಂಗ್ ಕೆಪಾಸಿಟರ್ 10 ಮೈಕ್ರೋಫ್ಯಾರಡ್. ಆಗ ಎರಡು ಟಿಕ್ ನಡುವೆ 7 ಮಿಲಿಸೆಕೆಂಡ್ ಅಷ್ಟೇ, ಕಿವಿಗೆ ಒಂದೇ. ವೇಗ ನಿಮಿಷಕ್ಕೆ ಸುಮಾರು 33ರಿಂದ 210 ಬಡಿತ.

ಈ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯನ್ನು ಜಾಸ್ತಿ ನಂಬಬೇಡಿ. ಗಡಿಯಾರ ನೋಡಿ ಟಿಕ್ ಎಣಿಸಿ, ಡಯಲ್ ಮೇಲೆ ಪೆನ್ಸಿಲ್ ಗುರುತು ಹಾಕಿ. ಬ್ಯಾಟರಿ ಬೇಗ ಮುಗಿಯುತ್ತಿದ್ದರೆ ಅದೇ ಸಾಕೆಟ್‌ಗೆ ಕಡಿಮೆ ಕರೆಂಟ್ ಎಳೆಯುವ 7555 ಐಸಿ ಹಾಕಿ.