ಸೋರುವ ಮಾಳಿಗೆಯ ಖರ್ಚು ಯಾರದು?

ಪ್ರಶ್ನೆ: ನಮ್ಮ ತಂದೆಯವರು ಸ್ವಂತ ದುಡಿಮೆಯಿಂದ ಕೊಪ್ಪಳದಲ್ಲಿ ಕೊಂಡ, ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆಯಲ್ಲಿ, ಹಿರಿಯ ಮಗನಾದ ನಾನು ವಾಸವಾಗಿದ್ದೇನೆ. ತಂದೆ ಮೊದಲೇ ತೀರಿಕೊಂಡಿದ್ದರು, ತಾಯಿ 3 ವರ್ಷಗಳ ಹಿಂದೆ ತೀರಿಕೊಂಡರು. ಇಬ್ಬರೂ ಉಯಿಲು ಬರೆದಿರಲಿಲ್ಲ. ಖಾತೆ ನನ್ನ ಹೆಸರಿಗಾಗಿದೆ. ಎರಡು ವರ್ಷಗಳ ಹಿಂದಿನ ಮಳೆಗೆ ಹಿತ್ತಲ ಗೋಡೆ ಕುಸಿದಾಗ, ಅದನ್ನು ಕಟ್ಟಿಸಿ ಹುಳು ಹಿಡಿದ ಜಂತಿಗಳನ್ನು ಬದಲಿಸಲು 1,80,000 ರೂಪಾಯಿ ಖರ್ಚಾಯಿತು. ಬಚ್ಚಲಿಗೆ ಟೈಲ್ಸ್ ಹಾಕಿಸಲು ಬೇರೆ 60,000 ಆಯಿತು. ಬೆಂಗಳೂರಿನಲ್ಲಿರುವ ತಮ್ಮ “ಇರುವವನೇ ಮಾಡಿಸಿಕೊಳ್ಳಲಿ” ಎನ್ನುತ್ತಾನೆ. ರಾಯಚೂರಿಗೆ ಕೊಟ್ಟ ತಂಗಿಗೆ ಪಾಲು ಬೇಕು, ಖರ್ಚು ಬೇಡ. ಮುಂದಿನ ಅಂಗಡಿ ಕೋಣೆಯಿಂದ ತಿಂಗಳಿಗೆ 2,500 ರೂಪಾಯಿ ಬಾಡಿಗೆ ಬರುತ್ತದೆ. ನಾನು ಏನು ಮಾಡಬೇಕು?

ಉತ್ತರ: ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಬಾಡಿಗೆಯಲ್ಲಿಯೇ ಈ ಜಗಳದ ಗಂಟು ಇರುವಂತೆ ಕಾಣುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಈಗ ನಿಮ್ಮ ಮೂವರಿಗೂ ತಲಾ ಮೂರನೆಯ ಒಂದು ಪಾಲಿದೆ. ತಂಗಿಯ ಮದುವೆಗೆ ಖರ್ಚು ಮಾಡಿದ್ದರೂ ಅದರಿಂದ ಅವರ ಪಾಲು ಕಡಿಮೆಯಾಗುವುದಿಲ್ಲ. ಗಂಡುಮಕ್ಕಳು ಒಪ್ಪುವವರೆಗೆ ವಾಸದ ಮನೆಯ ವಿಭಾಗವನ್ನು ಹೆಣ್ಣುಮಕ್ಕಳು ಕೇಳುವಂತಿಲ್ಲ ಎಂದಿದ್ದ 23ನೆಯ ಕಲಮನ್ನು 2005ರಲ್ಲಿಯೇ ತೆಗೆದುಹಾಕಲಾಗಿದೆ. ಖಾತೆಯು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಅದು ನಿಮ್ಮೊಬ್ಬರ ಹೆಸರಿನಲ್ಲಿರುವುದರಿಂದ ಉಳಿದವರಿಗೆ ಅನುಮಾನ ಹುಟ್ಟಿದ್ದರೆ ಆಶ್ಚರ್ಯವಿಲ್ಲ, ಆದ್ದರಿಂದ ನಗರಸಭೆಯಲ್ಲಿ ಮೂವರ ಹೆಸರಿನ ಜಂಟಿ ಖಾತೆಗೆ ಅರ್ಜಿ ಕೊಡುವುದು ಮೊದಲ ಕೆಲಸ.

ಖರ್ಚುಗಳೆಲ್ಲ ಒಂದೇ ಬಗೆಯವಲ್ಲ. ಗೋಡೆ ಮತ್ತು ಜಂತಿಯ ಖರ್ಚು ಮನೆ ನಿಲ್ಲುವುದಕ್ಕೇ ಬೇಕಾದದ್ದು, ಹಾಗಾಗಿ ಪಾಲಿಗೆ ತಕ್ಕಂತೆ ಎಲ್ಲರೂ ಹೊರುವುದು ನ್ಯಾಯ. ಆಸ್ತಿ ತೆರಿಗೆಯೂ ಹಾಗೆಯೇ. ಕರೆಂಟು, ನೀರಿನ ಬಿಲ್ಲು ವಾಸವಿರುವ ನಿಮ್ಮದೇ. ಟೈಲ್ಸ್ ಅನ್ನು ಯಾರನ್ನೂ ಕೇಳದೆ ಹಾಕಿಸಿದ್ದರೆ ಅದರ ಹಣವನ್ನು ಈಗ ಕೇಳಬೇಡಿ. ಮುಂದೆ ವಿಭಾಗವಾಗುವಾಗ, ಮನೆಯ ಬೆಲೆ ಅದರಿಂದ ಹೆಚ್ಚಿದ್ದರೆ ಅಷ್ಟನ್ನು ಲೆಕ್ಕಕ್ಕೆ ತರಬಹುದು. ಸಹ ಒಡೆಯನೊಬ್ಬ ಉಳಿದವರನ್ನು ಹೊರಗಿಡದೆ ವಾಸಿಸುತ್ತಿದ್ದರೆ ಅವನು ಅವರಿಗೆ ಸಾಮಾನ್ಯವಾಗಿ ಬಾಡಿಗೆ ಕೊಡಬೇಕಾಗಿಲ್ಲ. ಹೊರಗಿನವರಿಂದ ಬರುವ ಬಾಡಿಗೆ ಮಾತ್ರ ಮೂವರದೂ.

ತಾಯಿ ತೀರಿಕೊಂಡ ಮೇಲಿನ 36 ತಿಂಗಳಿಗೆ ಬಾಡಿಗೆ 90,000 ಆಗುತ್ತದೆ, ತಲಾ 30,000. ದುರಸ್ತಿಯಲ್ಲಿ ತಮ್ಮ, ತಂಗಿಯರ ಪಾಲು ತಲಾ 60,000. ಬಾಡಿಗೆಯ ಪಾಲನ್ನು ಕಳೆದರೆ ಒಬ್ಬೊಬ್ಬರು ನಿಮಗೆ ಕೊಡಬೇಕಾದದ್ದು 30,000, ಅದಕ್ಕೆ ತೆರಿಗೆಯ ಪಾಲು ಸೇರಿಸಿ. ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು: ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಂತೆ ಮೇಲೆ ಕರಲು ಮಣ್ಣು (ಕ್ಷಾರ ಮಣ್ಣು) ಹಾಕಿಸುವವರಿಲ್ಲದೆ ಬೀಗ ಬಿದ್ದ ಮಣ್ಣಿನ ಮನೆ ಬಹಳ ಕಾಲ ನಿಲ್ಲುವುದಿಲ್ಲ ಎಂಬುದನ್ನು ಬೆಂಗಳೂರಿನಲ್ಲಿರುವವರು ಮರೆಯಬಾರದು.

ಮಾತುಕತೆಯಿಂದ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಪ್ರಯತ್ನಿಸಬಹುದು. ತಮ್ಮ, ತಂಗಿಯರ ಪರವಾಗಿ ನೀವು ಕೊಟ್ಟ ಹಣವನ್ನು ದಾವೆಯಿಂದ ವಸೂಲು ಮಾಡಲು ಕೊಟ್ಟ ದಿನದಿಂದ 3 ವರ್ಷಗಳ ಕಾಲಮಿತಿ ಇರುವುದರಿಂದ ನಿಮಗೆ ಉಳಿದಿರುವುದು ಸುಮಾರು ಒಂದು ವರ್ಷ. ಈ ವಾರವೇ ಇಬ್ಬರಿಗೂ ಲೆಕ್ಕ ಬರೆದು ಕಳಿಸಿ; ದುರಸ್ತಿಯ ರಸೀದಿಗಳ ಜೊತೆಗೆ ಬಾಡಿಗೆ ಬಂದ ವಿವರವೂ ಇರಲಿ.