ಭಾನುವಾರದ ಬೆಟ್ಟ, ಸೋಮವಾರದ ಹಾಜರಾತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕುಟುಂಬ ಮತ್ತು ಕಾಲೇಜಿನ ವಿವರಗಳನ್ನು ಬದಲಿಸಲಾಗಿದೆ.)

ಮಡಿಕೇರಿಯ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಎರಡನೇ ವರ್ಷ ಓದುತ್ತಿರುವ 19 ವರ್ಷದ ಹುಡುಗಿ. ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರರ ಮನೆ. ಮೂರು ಎಕರೆ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಹೈಸ್ಕೂಲಿನಲ್ಲಿರುವ ತಮ್ಮ. ಅಧ್ಯಾಪಕಿ ಕೊಟ್ಟು ಕಳಿಸಿದ ಚೀಟಿಯಲ್ಲಿ ಒಂದೇ ಸಾಲು ಇತ್ತು: ‘ಹಾಜರಾತಿ ಕೊರತೆ, ಬೆಟ್ಟದ ಹುಚ್ಚು.’ ಜೊತೆಗೆ ತಾಯಿಯೂ ಬಂದಿದ್ದರು.

ಮೊದಲ ಹತ್ತು ನಿಮಿಷ ತಾಯಿಯೇ ಮಾತಾಡಿದರು. “ಓದಲಿ ಅಂತ ಹಾಸ್ಟೆಲಿಗೆ ಸೇರಿಸಿದ್ವಿ ಮೇಡಂ. ಕಂಬೈನ್ಡ್ ಸ್ಟಡಿ ಅಂತ ನಮಗೆ ಹೇಳಿ ಇವಳು ಕೋಟೆಬೆಟ್ಟದಲ್ಲಿದ್ಲು. ಮಾದಾಪುರದ ಬಸ್ ಸ್ಟ್ಯಾಂಡಲ್ಲಿ ಮೈಯೆಲ್ಲ ಕೆಸರು ಮಾಡ್ಕೊಂಡು ನಿಂತಿದ್ದನ್ನ ಇವಳ ಸೋದರಮಾವ ನೋಡಿ ಫೋನ್ ಮಾಡಿದ್ರು. ಸಾಕು, ಕಾಲೇಜು ಬಿಡಿಸಿ ಕರ್ಕೊಂಡು ಹೋಗ್ತೀನಿ.” ಹುಡುಗಿ ತಲೆ ಎತ್ತಲಿಲ್ಲ.

ಇಂಥ ಸಂದರ್ಭದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳದೆ ಮುಂದೆ ಹೋಗಬಾರದು. ಹುಡುಗಿಗೆ 18 ದಾಟಿದೆ. ಅವಳು ಹೇಳುವುದರಲ್ಲಿ ಯಾವುದನ್ನು ತಾಯಿಗೆ ತಿಳಿಸಬಹುದು ಎಂಬುದು ಅವಳ ತೀರ್ಮಾನ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ ಎಂಬುದನ್ನು ಇಬ್ಬರಿಗೂ ಎದುರೆದುರೇ ಹೇಳಿ ಶುರು ಮಾಡಿದ್ದಾಯಿತು.

ಮೊದಲು ನೋಡಬೇಕಾದದ್ದು ಇದು ಬರೀ ತಿರುಗಾಟದ ಆಸೆಯೋ, ಕೆಳಗೆ ಬೇರೇನಾದರೂ ಇದೆಯೋ ಎಂಬುದನ್ನು. ವಾರಗಟ್ಟಲೆ ನಿದ್ದೆಯೇ ಬೇಡವೆನಿಸುವ ಉತ್ಸಾಹ, ಕೈ ಬಿಗಿಯಿಲ್ಲದ ಖರ್ಚು, ನಿಲ್ಲದ ಮಾತು ಇದ್ದರೆ ಮನೋವೈದ್ಯರ ಬಳಿ ಕಳಿಸಬೇಕು. ಬೆಟ್ಟದ ಅಂಚಿನಲ್ಲಿ ನಿಂತಾಗ ಏನನ್ನಿಸುತ್ತದೆ ಎಂದು ಮುಲಾಜಿಲ್ಲದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಒಟ್ಟಿಗೆ ಹೋಗುವವರು ಯಾರು, ಒತ್ತಾಯವಿದೆಯೇ, ಕುಡಿತವಿದೆಯೇ ಎಂಬುದನ್ನೂ ಕೇಳಬೇಕು. ಈ ಹುಡುಗಿಯಲ್ಲಿ ಇವ್ಯಾವುವೂ ಇರಲಿಲ್ಲ. ಮೊದಲ ವರ್ಷದ ಎನ್‌ಎಸ್‌ಎಸ್ ಶಿಬಿರದಲ್ಲಿ ತಡಿಯಂಡಮೋಳ್ ಹತ್ತಿದ್ದಳು. 1748 ಮೀಟರ್, ಕೊಡಗು ಜಿಲ್ಲೆಯ ಅತಿ ಎತ್ತರದ ಶಿಖರ. ಅಂದಿನಿಂದ ಹಿಡಿದ ಆಸೆ. ಅಲ್ಲಿ ಏನು ಸಿಗುತ್ತದೆ ಎಂದು ಕೇಳಿದಾಗ, “ಅಲ್ಲಿ ಯಾರೂ ಮಾರ್ಕ್ಸ್ ಕೇಳಲ್ಲ ಮೇಡಂ. ಉಸಿರು ಹಿಡಿದು ಹತ್ತಿದ್ರೆ ಹತ್ತಿದ್ಹಾಗೆ, ಅಷ್ಟೇ,” ಎಂದಳು. ಈ ಉತ್ತರದ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಂಡೆವು. ಎರಡನೆಯದು ಅವಳ ಶಕ್ತಿ. ಮೊದಲನೆಯದರ ಮೇಲೆ ಕೆಲಸವಾಗಬೇಕಿತ್ತು.

ಆಮೇಲೆ ಹಾಜರಾತಿ. ‘ಕಡಿಮೆಯಾಗಿದೆ’ ಎಂಬ ಮಾತಿನಿಂದ ಯಾವ ವಿದ್ಯಾರ್ಥಿಯೂ ಎಚ್ಚರಗೊಳ್ಳುವುದಿಲ್ಲ. ವಿಷಯವಾರು ಎಣಿಸಿ ಹಾಳೆಯ ಮೇಲೆ ಬರೆಯಬೇಕು. ಅಕೌಂಟೆನ್ಸಿ ವಾರಕ್ಕೆ 4 ಗಂಟೆ, 15 ವಾರಕ್ಕೆ 60 ಗಂಟೆ. ಪರೀಕ್ಷೆಗೆ ಕೂರಲು ಶೇ 75, ಅಂದರೆ 45 ಗಂಟೆ ಬೇಕು. ಇಡೀ ಸೆಮಿಸ್ಟರಿಗೆ ತಪ್ಪಿಸಬಹುದಾದದ್ದು 15. ಅವಳು ಬಂದದ್ದು ಒಂಬತ್ತನೇ ವಾರ ಮುಗಿದ ಮೇಲೆ. ನಡೆದ 36 ಗಂಟೆಗಳಲ್ಲಿ 21ಕ್ಕೆ ಹಾಜರಿದ್ದಳು. 15 ಗಂಟೆಯ ಕೋಟಾ ಆಗಲೇ ಖಾಲಿ. ಉಳಿದ 24ಕ್ಕೆ 24ಕ್ಕೂ ಬಂದರೆ ಮಾತ್ರ ಸರಿಯಾಗಿ 45. ಈ ಲೆಕ್ಕವನ್ನು ಅವಳ ಕೈಯಿಂದಲೇ ಮಾಡಿಸಿದೆವು. ಕೊನೆಯ ಸಂಖ್ಯೆ ಬರೆದ ಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನಿದ್ದಳು.

ತಪ್ಪಿದ 15 ಗಂಟೆಗಳು ಯಾವ ದಿನದವು ಎಂದು ಬಿಡಿಸಿ ನೋಡಿದಾಗ ಪ್ರಕರಣದ ಗಂಟು ಸಿಕ್ಕಿತು. ಒಂಬತ್ತು ವಾರದಲ್ಲಿ ಏಳು ಸಲ ಬೆಟ್ಟಕ್ಕೆ ಹೋಗಿದ್ದಳು, ಏಳೂ ಭಾನುವಾರ. ಭಾನುವಾರ ತರಗತಿಯೇ ಇಲ್ಲ. ಹಾಗಾದರೆ ಹಾಜರಾತಿ ಹೋದದ್ದೆಲ್ಲಿ? ಅಕೌಂಟೆನ್ಸಿಯ ಎರಡು ಗಂಟೆ ಸೋಮವಾರ ಬೆಳಿಗ್ಗೆ. ಅಂಥ ಆರು ಸೋಮವಾರ, 12 ಗಂಟೆ. ಉಳಿದ ಮೂರು ಮಂಗಳವಾರದವು. ಹಾಸ್ಟೆಲ್ ಗೇಟು ಸಂಜೆ 6.30ಕ್ಕೆ ಮುಚ್ಚುತ್ತದೆ. ಇವಳು ಊರು ಸೇರುವಾಗ ಎಂಟಾಗಿರುತ್ತಿತ್ತು. ಗೆಳತಿಯ ಪಿಜಿಯಲ್ಲಿ ಮಲಗಿ, ಬೆಳಿಗ್ಗೆ ಒಂಬತ್ತಕ್ಕೆ ಹಾಸ್ಟೆಲಿಗೆ ಬಂದು, ಕೆಸರು ಬಟ್ಟೆ ನೆನೆಹಾಕುವ ಹೊತ್ತಿಗೆ ಮೊದಲೆರಡು ತರಗತಿ ಮುಗಿದಿರುತ್ತಿದ್ದವು. ಮಂಗಳವಾರ ಅಧ್ಯಾಪಕರ ಮುಖ ನೋಡಲು ಅಂಜಿಕೆ, ಅದಕ್ಕೇ ಗೈರು. ಆ ಅಂಜಿಕೆ ವಾರವಿಡೀ ಒಳಗೇ ಕುದಿದು ಶುಕ್ರವಾರದ ಹೊತ್ತಿಗೆ ಮತ್ತೆ ಎಲ್ಲಾದರೂ ಹೋಗಿಬಿಡಬೇಕು ಎನ್ನಿಸುತ್ತಿತ್ತು. ಬೆಟ್ಟ ತೆಗೆದುಕೊಂಡದ್ದು ಭಾನುವಾರವನ್ನು ಮಾತ್ರ. ಸೆಮಿಸ್ಟರನ್ನು ತಿಂದದ್ದು ತಡವಾಗಿ, ಸುಳ್ಳು ಹೇಳಿ ಹಿಂತಿರುಗಿದ ರೀತಿ. ಚಾರಣವನ್ನೇ ನಿಲ್ಲಿಸಿಬಿಟ್ಟಿದ್ದರೆ ಈ ಗಂಟು ಕಾಣಿಸುತ್ತಲೇ ಇರಲಿಲ್ಲ, ಅಂಜಿಕೆ ಬೇರೊಂದು ದಾರಿ ಹುಡುಕಿಕೊಳ್ಳುತ್ತಿತ್ತು.

ತಾಯಿಯ ಜೊತೆ ಕೂತಾಗ ತಿಳಿದದ್ದು ಬೇರೆ. ‘ಜನ ಏನಂದಾರು’ ಎಂಬುದೇ ಅವರ ಚಿಂತೆ ಇರಬಹುದೆಂದು ನಾವು ಊಹಿಸಿದ್ದು ತಪ್ಪಾಗಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಹತ್ತಿರದ ನೆಂಟರ ಮನೆ ಮಣ್ಣಿನಡಿ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮಗಳು ಕೋಟೆಬೆಟ್ಟಕ್ಕೆ ಹೋದದ್ದೂ ಆಗಸ್ಟಿನಲ್ಲೇ, ಯಾರಿಗೂ ಹೇಳದೆ. “ಅಲ್ಲಿ ಏನಾದ್ರೂ ಆಗಿದ್ರೆ ನಾವು ಮಡಿಕೇರಿ ಲೈಬ್ರರೀಲಿ ಹುಡುಕ್ತಿದ್ವಿ,” ಎಂದರು. ಮಗಳ ಒಪ್ಪಿಗೆ ಪಡೆದು ಅವಳನ್ನೂ ಒಳಗೆ ಕರೆದು, ಇದೇ ಮಾತನ್ನು ತಾಯಿಯ ಬಾಯಿಂದಲೇ ಹೇಳಿಸಿದೆವು. ನಮ್ಮ ಯಾವ ಬುದ್ಧಿಮಾತಿಗೂ ಅಷ್ಟು ಬಲವಿರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಮರುದಿನವೇ ಮಾಡುವಂಥದ್ದು: ಆ ಲೆಕ್ಕದ ಹಾಳೆ ಹಿಡಿದು ಅಕೌಂಟೆನ್ಸಿ ಅಧ್ಯಾಪಕರನ್ನು ತಾನೇ ಹೋಗಿ ಕಾಣುವುದು. ಕ್ಷಮೆಯ ಭಾಷಣ ಬೇಡ, ಮೂರು ವಾಕ್ಯ ಸಾಕು. ಇಷ್ಟು ತಪ್ಪಿದೆ, ಇನ್ನು ತಪ್ಪಿಸುವುದಿಲ್ಲ, ತಪ್ಪಿದ ಗಂಟೆಗೆ ವಿಶೇಷ ತರಗತಿ ಸಿಗಬಹುದೇ? ನಮ್ಮೆದುರೇ ನಾಲ್ಕು ಸಲ ಹೇಳಿಸಿ ಅಭ್ಯಾಸ ಮಾಡಿಸಿದೆವು. ತಪ್ಪಿದ ಗಂಟೆಗಳ ಬದಲಿಗೆ ನಾಲ್ಕು ಗಂಟೆ ವಿಶೇಷ ತರಗತಿಯನ್ನು ಆ ಕಾಲೇಜಿನವರು ಒಪ್ಪಿದರು. ಎಲ್ಲ ಕಡೆ ಹೀಗೆ ಒಪ್ಪುವುದಿಲ್ಲ, ಆದರೆ ಕೇಳುವುದನ್ನು ಹದಿನಾಲ್ಕನೇ ವಾರಕ್ಕೆ ಬಿಟ್ಟರೆ ಒಪ್ಪಬೇಕೆಂದಿದ್ದವರ ಕೈಯಲ್ಲೂ ಸಮಯ ಉಳಿದಿರುವುದಿಲ್ಲ.

ಎರಡನೆಯದು ಕ್ಯಾಲೆಂಡರ್. ಗೋಡೆಗೆ ನೇತುಹಾಕುವ ದೊಡ್ಡ ಅಂಕಿಯದು ತರಿಸಿ, ಇಂಟರ್ನಲ್ಸ್ ಮತ್ತು ಪರೀಕ್ಷೆಯನ್ನು ಕೆಂಪಿನಲ್ಲಿ, ಮನೆಯ ಕಾಫಿ ಕೊಯ್ಲನ್ನು ಹಸಿರಿನಲ್ಲಿ, ಬೆಟ್ಟವನ್ನು ನೀಲಿಯಲ್ಲಿ ಗುರುತು ಹಾಕಿಸಿದೆವು. ಕೊಯ್ಲಿನ ದಿನಗಳನ್ನು ಗುರುತಿಸುವಾಗ ತಾಯಿಯೇ ತಡೆದರು. ಅರೇಬಿಕಾ ಹಣ್ಣಾಗುವುದು ನವೆಂಬರ್ ಕೊನೆಯಿಂದ, ಪರೀಕ್ಷೆ ಇರುವುದು ಡಿಸೆಂಬರಿನಲ್ಲಿ. ಆಳು ಸಿಗದ ವಾರಗಳಲ್ಲಿ ಮಗಳು ಬಂದು ಹಣ್ಣು ಕೊಯ್ಯಲಿ, ಕಣದಲ್ಲಿ ಹರಡಲಿ ಎಂದು ಅವರು ಎಣಿಸಿದ್ದರು. ಕಣದಲ್ಲಿ ಕಳೆದ ದಿನವೂ ಓದಿನಿಂದ ಕಳೆದ ದಿನವೇ. ಈ ಮಾತನ್ನು ತಾಯಂದಿರಿಗೆ ಹೇಳಲು ಸಲಹೆಗಾರರು ಹಿಂಜರಿಯಬಾರದು. ಕೊನೆಗೆ ಪರೀಕ್ಷೆ ಮುಗಿದ ಮೇಲಿನ ಎರಡು ವಾರ ಕೊಯ್ಲಿಗೆ, ಅದಾದ ನಂತರದ ಭಾನುವಾರ ಬೆಟ್ಟಕ್ಕೆ ಎಂದಾಯಿತು.

ಸೆಮಿಸ್ಟರ್ ನಡೆಯುವಾಗ ತಿಂಗಳಿಗೆ ಒಂದೇ ಭಾನುವಾರ, ಅದೂ ಮಳೆಗಾಲ ಕಳೆದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಇಳಿಜಾರಿನಲ್ಲಿ ಕಾಲಿಡುವುದು ಬೇಡ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು. ಅನುಮತಿ ಬೇಕಾದ ಚಾರಣಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಹುಡುಗಿಗೆ ಇದು ಕಿರಿಕಿರಿ ಎನ್ನಿಸಿತ್ತು. ನಮ್ಮ ದೃಷ್ಟಿಯಲ್ಲಿ ಇದೇ ಒಳ್ಳೆಯದು, ಶುಕ್ರವಾರ ರಾತ್ರಿ ಹುಟ್ಟಿದ ಹಂಬಲ ಭಾನುವಾರ ಬೆಳಿಗ್ಗೆಯೇ ಬಸ್ ಹತ್ತದಂತೆ ತಡೆಯುತ್ತದೆ.

ಹಿಂತಿರುಗುವ ಹೊತ್ತನ್ನು ಮೇಲಿನಿಂದಲ್ಲ, ಗೇಟಿನಿಂದ ಹಿಂದಕ್ಕೆ ಎಣಿಸಬೇಕು. ಮುಚ್ಚುವುದಕ್ಕೆ ಒಂದು ಗಂಟೆ ಮೊದಲೇ, ಅಂದರೆ ಗೇಟಿಗೆ 5.30. ಬಸ್ಸಿಗೆ ಒಂದೂವರೆ ಗಂಟೆ, ಕಾಯಲು ಅರ್ಧ ಗಂಟೆ, ಅಲ್ಲಿಗೆ 3.30. ಇಳಿಯಲು ಎರಡೂವರೆ ಗಂಟೆ, ಅಲ್ಲಿಗೆ ಮಧ್ಯಾಹ್ನ 1.00. ಕಾಲು ಉಳುಕಿದರೆ, ಮಂಜು ಕವಿದರೆ ಎಂದು ಇನ್ನರ್ಧ ಗಂಟೆ ಕಳೆದರೆ 12.30. ಆ ಹೊತ್ತಿಗೆ ಶಿಖರ ಹತ್ತು ನಿಮಿಷದ ದೂರದಲ್ಲಿದ್ದರೂ ತಿರುಗಬೇಕು. ಸಂಜೆಯ ತೋಟದ ರಸ್ತೆಗಳು ಆನೆಯವು ಎಂಬುದು ಕೊಡಗಿನಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ, ಆದರೂ ಶಿಖರದ ಆಸೆಯಲ್ಲಿ ಅವರೇ ಮರೆಯುತ್ತಾರೆ. ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಒಣ ಕಾಲುಚೀಲ ಬ್ಯಾಗಿನಲ್ಲಿರಲಿ. ಜಿಗಣೆ ಕಚ್ಚಿದರೆ ಹಿಡಿದು ಎಳೆಯಬಾರದು, ಬಾಯಿಯ ಬಳಿ ಉಗುರು ತೂರಿಸಿ ಬಿಡಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಸುಳ್ಳಿಗೆ ಬದಲಾಗಿ ಒಂದು ಚೀಟಿ. ಎಲ್ಲಿಗೆ, ಯಾವ ದಾರಿ, ಯಾರ್‍ಯಾರು, ಅವರ ನಂಬರು, ತಿರುಗುವ ಹೊತ್ತು, ಗೇಟು ಮುಟ್ಟುವ ಹೊತ್ತು, ಎಷ್ಟು ಗಂಟೆಯವರೆಗೂ ಸುದ್ದಿ ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಬೇಕು. ಒಂದು ಪ್ರತಿ ವಾರ್ಡನ್ ಹತ್ತಿರ, ಇನ್ನೊಂದರ ಫೋಟೊ ಅಮ್ಮನ ವಾಟ್ಸಾಪಿಗೆ. ತಾಯಿಯ ಕಡೆಯಿಂದ ಒಂದು ಮಾತು ಪಡೆದೆವು: ಚೀಟಿ ಬಂದ ಮೇಲೆ ದಾರಿಯಲ್ಲಿರುವಾಗ ಜಗಳ ಬೇಡ. ಮಧ್ಯಾಹ್ನ ಬೈಸಿಕೊಂಡ ಮಕ್ಕಳು ಮುಂದಿನ ಸಲ ಚೀಟಿ ಬರೆಯುವುದಿಲ್ಲ.

ಹಣದ ವಿಷಯ ಚಿಕ್ಕದು. ಬ್ಯಾಗು, ಶೂಗೆಂದು ಗೆಳತಿಯರ ಹತ್ತಿರ ಮಾಡಿದ ಸಾಲ 4,200 ರೂಪಾಯಿ. ತಿಂಗಳಿಗೆ 700ರಂತೆ ಆರು ಕಂತು, ಅದು ತೀರುವವರೆಗೆ ಹೊಸ ಸಾಮಾನು ಇಲ್ಲ.

ಈ ಆಸೆಗೆ ಒಂದು ಶಿಸ್ತಿನ ದಾರಿ ತೋರಿಸುವುದೂ ಸಲಹೆಯ ಭಾಗವೇ. ಮಡಿಕೇರಿಯ ಮಗ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ರಾಜ್ಯದ ಸಾಹಸ ತರಬೇತಿ ಅಕಾಡೆಮಿಯೇ ಇದೆ. ಉತ್ತರಕಾಶಿಯಲ್ಲಿ 1965ರಲ್ಲಿ ಆರಂಭವಾದ ನೆಹರೂ ಪರ್ವತಾರೋಹಣ ಸಂಸ್ಥೆಯ ಮೂಲ ತರಬೇತಿ ಸುಮಾರು ನಾಲ್ಕು ವಾರದ್ದು. ಹಗ್ಗ, ಗಂಟು, ಹಿಮದಲ್ಲಿ ನಡೆಯುವ ಕ್ರಮವನ್ನು ಅಲ್ಲಿ ಕಲಿಸುತ್ತಾರೆ, ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಡಿಗ್ರಿ ಮುಗಿದ ರಜೆಯಲ್ಲಿ ಹೋಗಬೇಕೆಂದರೆ ಬೆಳಗಿನ ಓಟವನ್ನು ಈಗಲೇ ಶುರು ಮಾಡಬೇಕು. ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ಹಾಸ್ಟೆಲಿನ ಏರು ರಸ್ತೆಯೇ ಅದಕ್ಕೆ ಸಾಕು.

ಎಲ್ಲವೂ ನೇರವಾಗಿ ನಡೆಯಲಿಲ್ಲ. ಮೂರನೇ ಭೇಟಿಗೆ ಮುಂಚೆ ಇಂಟರ್ನಲ್ಸ್ ಅಂಕ ಬಂತು, ಕಡಿಮೆ ಬಂತು. ಅಂಕ ನೋಡಿದ ಅರ್ಧ ಗಂಟೆಯಲ್ಲಿ ಬ್ಯಾಗ್ ತುಂಬಿ, ಚೀಟಿ ಬರೆಯದೆ ಹೊರಟಿದ್ದಳು. ಸೋಮವಾರದ ಎರಡು ಗಂಟೆ ಮತ್ತೆ ಹೋಯಿತು. ಯೋಜನೆ ಮುರಿಯಿತು ಎಂದು ಅವಳೂ ತಾಯಿಯೂ ಕೈಚೆಲ್ಲಿದರು. ನಾವು ಹಾಗೆ ನೋಡಲಿಲ್ಲ. ‘ಅಲ್ಲಿ ಯಾರೂ ಮಾರ್ಕ್ಸ್ ಕೇಳಲ್ಲ’ ಎಂಬ ಮಾತು ಕೆಲಸ ಮಾಡುವುದು ಹೇಗೆ ಎಂದು ಆವತ್ತು ಅವಳಿಗೇ ಕಂಡಿತು. ಹಂಬಲದಿಂದ ಹೊರಡುವುದಕ್ಕೂ ತಪ್ಪಿಸಿಕೊಂಡು ಹೊರಡುವುದಕ್ಕೂ ಬ್ಯಾಗ್ ಒಂದೇ, ತುಂಬುವ ಗಳಿಗೆ ಬೇರೆ. ಅಲ್ಲಿಂದ ಒಂದು ನಿಯಮ ಸೇರಿತು: ಕೆಟ್ಟ ಸುದ್ದಿ ಬಂದ 24 ಗಂಟೆಯೊಳಗೆ ಯಾವ ಪ್ರಯಾಣವನ್ನೂ ತೀರ್ಮಾನಿಸುವಂತಿಲ್ಲ. ಆ ಸಂಜೆ ರಾಜಾಸೀಟಿನವರೆಗೆ ನಡೆದು ಬರಲಿ, ಮರುದಿನ ಉತ್ತರಪತ್ರಿಕೆ ಹಿಡಿದು ಅಧ್ಯಾಪಕರ ಹತ್ತಿರ ಹೋಗಲಿ. ಅದೂ ಆಗದಷ್ಟು ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಜ್ವರದಿಂದ ಇನ್ನೊಂದು ಗಂಟೆ ತಪ್ಪಿತು. ಸೆಮಿಸ್ಟರ್ ಮುಗಿದಾಗ ಅಕೌಂಟೆನ್ಸಿ ಲೆಕ್ಕ: ಹಳೆಯ 21, ಉಳಿದ 24ರಲ್ಲಿ 21, ವಿಶೇಷ ತರಗತಿ 4, ಒಟ್ಟು 46. ಹಾಲ್ ಟಿಕೆಟ್ ಸಿಕ್ಕಿತು. ಜನವರಿಯಲ್ಲಿ ಕೊಯ್ಲು ಮುಗಿಸಿ, ನಾಪೋಕ್ಲು ಮೂಲಕ ಕಕ್ಕಬ್ಬೆಗೆ ಹೋಗಿ ತಡಿಯಂಡಮೋಳ್ ಹತ್ತಿದಳು. ಆ ದಿನದ ಚೀಟಿಯ ಫೋಟೊ ಕಡತದಲ್ಲಿದೆ. ‘ಗೇಟಿಗೆ 5.30’ ಎಂದಿರುವ ಕಡೆ ವಾರ್ಡನ್ 5.10 ಎಂದು ಬರೆದು ಸಹಿ ಹಾಕಿದ್ದಾರೆ. ಸಾಲದ ಎರಡು ಕಂತು ಇನ್ನೂ ಬಾಕಿ ಇದೆ. ಮುಂದಿನ ಭೇಟಿ ಫಲಿತಾಂಶ ಬಂದ ವಾರದಲ್ಲಿ, ಅಂಕ ಎಷ್ಟೇ ಬರಲಿ.